ಹಲಸಿನ ಹಲಗೆಯ ಗಿಟಾರಿಗೆ ಯಾವ ಪಿಕಪ್? 16 ಕಿಲೋ ಓಮ್‌ನದು ತರಲೋ ಬೇಡವೋ

ಹಲಸಿನಹಲಗೆ (ಶಿರಸಿ), ಶನಿವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಈ ವೇದಿಕೆಯಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ಅಜ್ಜನ ಮನೆಯ ಹಳೆಯ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆಯಿಂದ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿದ್ದೇನೆ. ದೇಹ 44 ಮಿಲಿಮೀಟರ್ ದಪ್ಪ. ನೆಕ್ ಮಾತ್ರ ಕೊಂಡದ್ದು, 25.5 ಇಂಚು ಅಳತೆಯದು. ಬ್ರಿಡ್ಜ್ (ದೇಹದ ಮೇಲೆ ತಂತಿಗಳು ಕೂರುವ ತುಂಡು) ಅಲುಗಾಡದ ಜಾತಿಯದು. ಎರಡು ಹಂಬಕರ್ (ತಂತಿಯ ನಡುಕವನ್ನು ವಿದ್ಯುತ್ತಾಗಿಸುವ, ಎರಡು ಸುರುಳಿಯ ಪಿಕಪ್), ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನಗಳ ಸ್ವಿಚ್. ಪಿಕಪ್, ಪಾಟ್ (ಗುಂಡಿಯ ಕೆಳಗೆ ಕೂರುವ, ತಿರುಗಿಸಿ ಬದಲಿಸುವ ರೋಧಕ), ಸ್ವಿಚ್ ಎಲ್ಲವೂ ಒಂದೇ ಅಗ್ಗದ ಪೊಟ್ಟಣದಲ್ಲಿ ಬಂದವು.

ನುಡಿಸಲು ಹಿತವಾಗಿದೆ, ಶ್ರುತಿಯೂ ನಿಲ್ಲುತ್ತದೆ. ದೂರು ಇರುವುದು ದನಿಯ ಬಗ್ಗೆ. ಬ್ರಿಡ್ಜ್ ಪಿಕಪ್ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಸೊಳ್ಳೆಯ ದನಿ. ಮೊದಲನೆಯ ತಂತಿಯನ್ನು ಎಳೆದು ಬಗ್ಗಿಸಿದರೆ ನಾದ ಅರ್ಧದಲ್ಲೇ ಸೊರಗುತ್ತದೆ.

ಅಂಗಡಿಯೊಂದರಲ್ಲಿ ಕೇಳಿದೆ. "16 ಕಿಲೋ ಓಮ್‌ನದು ಹಾಕಿಸಿ, ಎಲ್ಲ ಸರಿಹೋಗುತ್ತದೆ" ಎಂದರು. ಕೈಯಲ್ಲಿ ಎಂಟು ಸಾವಿರ ರೂಪಾಯಿ ಇದೆ. ಹಳೆಯ ಸಿನಿಮಾ ಹಾಡು, ಬ್ಲೂಸ್, ಆಗೊಮ್ಮೆ ಈಗೊಮ್ಮೆ ಜೋರು ರಾಕ್ ನುಡಿಸುತ್ತೇನೆ. ಆಂಪ್ 15 ವ್ಯಾಟ್‌ನದು. ಯಾವುದನ್ನು ಕೊಳ್ಳಲಿ?

ಕಡಲಕರೆ (ಮಂಗಳೂರು), ಶನಿವಾರ ರಾತ್ರಿ 9.48

ಮಾರಾಯರೇ, ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಪಿಕಪ್. 1972ರಿಂದ ಜನ ಅದನ್ನೇ ಹಾಕಿಸಿಕೊಳ್ಳುತ್ತಿದ್ದಾರೆ. ಹಳೆಯದನ್ನು ಕಿತ್ತು ಬೇರೊಂದನ್ನು ಕೂರಿಸಬಹುದು ಎಂದು ಗಿಟಾರಿನವರಿಗೆ ಕಲಿಸಿದ್ದೇ ಅದು. ಸೆರಾಮಿಕ್ ಅಯಸ್ಕಾಂತ, ರೋಧ 13 ಕಿಲೋ ಓಮ್ ದಾಟುತ್ತದೆ. ನನ್ನ ಗಿಟಾರಿನಲ್ಲಿ ಹತ್ತು ವರ್ಷಗಳಿಂದ ಇದೆ, ಒಂದು ದಿನವೂ ಬೇಸರ ತರಿಸಿಲ್ಲ. ಎಂಟು ಸಾವಿರಕ್ಕೆ ಹೊಸದು ಸಿಗಲಿಕ್ಕಿಲ್ಲ, ಹಳೆಯದನ್ನು ಹುಡುಕಿ.

ಅಂದ ಹಾಗೆ ಹಲಸು ಗಟ್ಟಿ ಮರ, ಭಾರದ ಮರ. ಕಂಬಳಿ ಹೊದ್ದ ದನಿಗೆ ಮರವೇ ಕಾರಣ ಇದ್ದೀತು.

ಐವತ್ತುಹರ್ಟ್ಸ್ (ಮೈಸೂರು), ಶನಿವಾರ ರಾತ್ರಿ 10.15

ಹಲಸಿನಹಲಗೆಯವರೇ, ಕೊಳ್ಳುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ನಾಲ್ಕು ಅಳತೆಗಳು ಬೇಕು. ಎರಡೂ ಪಿಕಪ್‌ಗಳ ರೋಧ, ಪಾಟ್‌ಗಳ ಮೇಲೆ ಬರೆದಿರುವ ಅಂಕಿ ಮತ್ತು ನಿಜವಾದ ಅಳತೆ, ಬ್ರಿಡ್ಜ್‌ನಲ್ಲಿ ಮೊದಲನೆಯ ತಂತಿಯಿಂದ ಆರನೆಯದಕ್ಕೆ ಇರುವ ದೂರ, ಪಿಕಪ್‌ನ ಮೇಲೆ ತಂತಿಗೊಂದರಂತೆ ಇರುವ ಕಬ್ಬಿಣದ ತಿರುಪುಗಳಲ್ಲಿ ಮೊದಲನೆಯದರಿಂದ ಆರನೆಯದಕ್ಕೆ ಇರುವ ದೂರ. ಕೇಬಲ್ ಎಷ್ಟು ಉದ್ದವಿದೆ ಎಂಬುದನ್ನೂ ಹೇಳಿ.

16 ಕಿಲೋ ಓಮ್ ಎಂಬ ಮಾತಿನ ಬಗ್ಗೆ. ಈ ಅಂಕಿಯನ್ನು ಸಂತೆಯಲ್ಲಿ ಎಮ್ಮೆಯ ಕೊಂಬು ನೋಡಿ ಹಾಲು ಅಂದಾಜು ಮಾಡಿದ ಹಾಗೆ ಬಳಸುತ್ತಾರೆ. ಓಮ್ ಹೇಳುವುದು ತಾಮ್ರದ ಎಳೆ ಎಷ್ಟು ಉದ್ದ, ಎಷ್ಟು ಸಣ್ಣ ಎಂಬುದನ್ನು ಮಾತ್ರ. ಅಷ್ಟೇ ಸುತ್ತುಗಳನ್ನು ಇನ್ನೂ ಸಣ್ಣ ಎಳೆಯಿಂದ ಸುತ್ತಿದರೆ ಓಮ್ ಏರುತ್ತದೆ, ದನಿ ಅಷ್ಟಕ್ಕಷ್ಟೇ. ಒಂದೇ ಎಳೆ, ಒಂದೇ ಅಯಸ್ಕಾಂತ, ಒಂದೇ ಆಕಾರದ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಮಾತ್ರ ಈ ಅಂಕಿಗೆ ಅರ್ಥವಿದೆ.

ಮರದ ಚರ್ಚೆ ಈಗ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಳೆದ ಸಲ ಬೀಟೆ ಮರದ ಚರ್ಚೆ ಹನ್ನೊಂದು ಪುಟ ಓಡಿತ್ತು.

ಬಿಸಿಲುನಾಡು (ರಾಯಚೂರು), ಶನಿವಾರ ರಾತ್ರಿ 10.40

ಅಳೆಯುವಾಗ ಹವೆಯನ್ನೂ ನೋಡಿಕೊಳ್ಳಿ. ಕಳೆದ ಏಪ್ರಿಲ್‌ನಲ್ಲಿ ನನಗೆ ಬಂದ ಪಿಕಪ್ 8 ಕಿಲೋ ಓಮ್ ಎಂದಿತ್ತು, ನನ್ನ ಮೀಟರ್ 8.5 ತೋರಿಸಿತು. ಮೋಸವಾಯಿತೆಂದು ಮಾರಿದವರಿಗೆ ಕೋಪದಿಂದ ಉದ್ದ ಪತ್ರ ಬರೆದೆ. ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು ಶೇ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 8 ಇದ್ದದ್ದು ನಮ್ಮ ಊರಿನ ಮಧ್ಯಾಹ್ನದ 38ರಲ್ಲಿ 8.5 ಆಗಲೇಬೇಕು. ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆದದ್ದಾಯಿತು.

ಹಲಸಿನಹಲಗೆ, ಭಾನುವಾರ ಮಧ್ಯಾಹ್ನ 12.30

ಅಳೆದೆ. ಬ್ರಿಡ್ಜ್ ಪಿಕಪ್ 15.6 ಕಿಲೋ ಓಮ್. ನೆಕ್ ಪಿಕಪ್ 7.9. ಪಾಟ್ ಎರಡರ ಮೇಲೂ ಎ 250ಕೆ (250 ಕಿಲೋ ಓಮ್) ಎಂದಿದೆ, ಅಳತೆಗೆ 231 ಮತ್ತು 238. ಬ್ರಿಡ್ಜ್‌ನಲ್ಲಿ ತಂತಿಗಳ ಹರವು 52.5 ಮಿಲಿಮೀಟರ್. ಎರಡೂ ಪಿಕಪ್‌ಗಳ ತಿರುಪುಗಳ ಹರವು 49.5. ಕೇಬಲ್ 6 ಮೀಟರ್.

ಈಗ ಇರುವುದೇ ಹೆಚ್ಚುಕಡಿಮೆ 16 ಕಿಲೋ ಓಮ್! ಹಾಗಾದರೆ ಅಂಗಡಿಯವರು ಹೇಳಿದ್ದು ಏನು?

ಐವತ್ತುಹರ್ಟ್ಸ್, ಭಾನುವಾರ ಮಧ್ಯಾಹ್ನ 1.10

ಇರುವ ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದಿಯಿರಿ ಎಂದಿದ್ದಾರೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಸಹಿಸಿಕೊಳ್ಳಿ. ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತಿನ ಸುರುಳಿ. ಅದಕ್ಕೆ ಪ್ರೇರಕತ್ವ ಇದೆ, ಹೆನ್ರಿಯಲ್ಲಿ ಅಳೆಯುತ್ತೇವೆ. ನಿಮ್ಮ ಕೇಬಲ್ ಒಂದು ಕೆಪಾಸಿಟರ್, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಇವೆರಡೂ ಸೇರಿದಾಗ ಒಂದು ಅನುರಣನದ ಶಿಖರ ಹುಟ್ಟುತ್ತದೆ. ಆ ಶಿಖರದವರೆಗಿನ ದನಿ ಹೊರಗೆ ಬರುತ್ತದೆ, ಅದರ ಮೇಲಿನದು ಬೇಗ ಇಳಿದುಹೋಗುತ್ತದೆ. ಪಿಕಪ್‌ನ "ಸ್ವಭಾವ" ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಈ ಶಿಖರ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದೇ.

ನಿಮ್ಮ 6 ಮೀಟರ್ ಕೇಬಲ್, ಸುರುಳಿಯದೇ ಸ್ವಂತ ಕೆಪಾಸಿಟನ್ಸ್ ಸೇರಿ 700 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳೋಣ. ಫೆಂಡರ್ ಸ್ಟ್ರಾಟ್ ಗಿಟಾರಿನ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) 2.4 ಹೆನ್ರಿ ಆದರೆ ಶಿಖರ 3900 ಹರ್ಟ್ಸ್ ಆಸುಪಾಸಿನಲ್ಲಿ. ಹಳೆಯ ಮಾದರಿಯ ಹಂಬಕರ್ 4.5 ಹೆನ್ರಿ, ಶಿಖರ 2800. ನಿಮ್ಮದರಂತಹ ಬಿಗಿಯಾಗಿ ಸುತ್ತಿದ್ದು 8 ಹೆನ್ರಿ ಇದ್ದರೆ 2100. ದನಿ ಮಂಕಾಗಿರುವುದು ಹಲಸಿನ ತಪ್ಪಲ್ಲ.

ಇದರ ಮೇಲೆ 250ರ ಪಾಟ್‌ಗಳು. ಅವು ಸಿಂಗಲ್ ಕಾಯಿಲ್‌ಗೆ ಸಲ್ಲುವಂಥವು, ಅಲ್ಲಿ ಚುಚ್ಚುವ ದನಿಯನ್ನು ಸ್ವಲ್ಪ ತಗ್ಗಿಸುತ್ತವೆ. ಹಂಬಕರ್‌ಗೆ ವಾಡಿಕೆ 500. ಎರಡೂ ಗುಂಡಿಗಳನ್ನು ಪೂರ್ತಿ ತಿರುಗಿಸಿದರೂ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳೆರಡೂ ಪಿಕಪ್ ಮೇಲೆ ಹೊರೆಯಾಗಿ ಕೂತಿರುತ್ತವೆ. ನಿಮ್ಮಲ್ಲಿ ಆ ಒಟ್ಟು ಹೊರೆ ಸುಮಾರು 117 ಕಿಲೋ ಓಮ್, ಇರಬೇಕಾದದ್ದು 250ರ ಆಸುಪಾಸು. ಶಿಖರ ಕೆಳಗೂ ಇಳಿದಿದೆ, ಚಪ್ಪಟೆಯೂ ಆಗಿದೆ.

ಮೊದಲು 500ರ ಎರಡು ಪಾಟ್ ತನ್ನಿ. ಟೋನ್ ಕೆಪಾಸಿಟರ್ ಯಾವುದಿದ್ದರೂ ಈಗ ತಲೆಕೆಡಿಸಿಕೊಳ್ಳಬೇಡಿ, ಟೋನ್ ಗುಂಡಿ ತಗ್ಗಿಸಿದಾಗಲಷ್ಟೇ ಅದರ ಆಟ ಗೊತ್ತಾಗುವುದು.

ಗಮಕಪ್ರಿಯೆ (ಬೆಂಗಳೂರು), ಭಾನುವಾರ ಸಂಜೆ 4.05

ಮೊದಲನೆಯ ತಂತಿ ಸೊರಗುವ ವಿಷಯವನ್ನು ಯಾರೂ ಮುಟ್ಟಲಿಲ್ಲ, ನಾನೇ ಮುಟ್ಟುತ್ತೇನೆ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತೇನೆ. ತಂತಿಯನ್ನು ಪಕ್ಕಕ್ಕೆ ಎಳೆಯುವುದು ನನಗೆ ಅಲಂಕಾರವಲ್ಲ, ಉಸಿರಾಟ. ಒಂದೇ ಮೆಟ್ಟಿಲಿನಿಂದ ಮೂರು ಸ್ವರ ತೆಗೆಯಬೇಕಾಗುತ್ತದೆ.

52.5ರ ಹರವಿಗೆ 49.5ರ ತಿರುಪುಗಳು ಎಂದರೆ ಎರಡೂ ಕಡೆ ಒಂದೂವರೆ ಮಿಲಿಮೀಟರ್ ತಪ್ಪಿದೆ. ಸುಮ್ಮನೆ ಮೀಟಿದಾಗ ಇದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ನೀವು ಮೊದಲನೆಯ ತಂತಿಯನ್ನು ಎರಡನೆಯದರ ಕಡೆಗೆ ತಳ್ಳುತ್ತೀರಿ, ಅದು ಒಂದು ತಿರುಪನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ಮೊದಲು ನಡುವಿನ ಬಯಲಿನಲ್ಲಿ ನಿಲ್ಲುತ್ತದೆ. ನಾದ ಅಲ್ಲೇ ಸೊರಗುವುದು.

ಇದಕ್ಕೆ ಎರಡು ದಾರಿ. ಒಂದು, ಸುಮಾರು 53 ಮಿಲಿಮೀಟರ್ ಹರವಿನ ಪಿಕಪ್. ತಯಾರಕರು ಇದನ್ನು ಎಫ್ ಹರವು ಎಂದೋ ಟ್ರೆಮೊಲೊ (ಅಲುಗಾಡುವ) ಬ್ರಿಡ್ಜ್‌ನವರಿಗೆ ಎಂದೋ ಬೇರೆ ಹೆಸರಿಟ್ಟು ಮಾರುತ್ತಾರೆ, ಕೆಲವರ ಲೆಕ್ಕದಲ್ಲಿ ಅದೇ 51. ಹೆಸರನ್ನು ನಂಬಬೇಡಿ, ಮಿಲಿಮೀಟರ್ ಕೇಳಿ. ಇನ್ನೊಂದು, ಬಿಡಿ ತಿರುಪುಗಳ ಬದಲು ಉದ್ದಕ್ಕೂ ಒಂದೇ ಕಬ್ಬಿಣದ ಪಟ್ಟಿ ಇರುವ ಪಿಕಪ್. ತಂತಿ ಎಲ್ಲಿಗೆ ಹೋದರೂ ಕೆಳಗೆ ಕಬ್ಬಿಣವಿರುತ್ತದೆ. ನನ್ನದು ಎರಡನೆಯ ದಾರಿ.

ಇನ್ನೊಂದು ಮಾತು, ಇದು ನನ್ನ ರುಚಿ. ಜೋರು ಪಿಕಪ್‌ಗೆ ಪಿಸುಮಾತು ಬರುವುದಿಲ್ಲ. ಆಂಪ್ ತುಂಬ ಬೇಗ ಬಿರಿಯುತ್ತದೆ, ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ಒಂದೇ ಉತ್ತರ ಕೊಡುತ್ತದೆ. ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕೇಳಿದವರಿಗೆ ಗೊತ್ತು, ವಿದ್ಯುತ್ ವಾದ್ಯವಾದ ಮಾತ್ರಕ್ಕೆ ಸೂಕ್ಷ್ಮ ಕಳೆದುಹೋಗಬೇಕಾಗಿಲ್ಲ.

ಕಡಲಕರೆ, ಭಾನುವಾರ ಸಂಜೆ 4.30

ಅಕ್ಕ, ಅವರು ಜೋರು ರಾಕ್ ಕೂಡ ನುಡಿಸುತ್ತೇನೆ ಎಂದಿದ್ದಾರೆ. ಎಲ್ಲರೂ ತೋಡಿ ರಾಗ ನುಡಿಸಬೇಕೆಂದಿಲ್ಲವಲ್ಲ.

ಗಮಕಪ್ರಿಯೆ, ಭಾನುವಾರ ಸಂಜೆ 4.42

ನುಡಿಸಬೇಕೆಂದಿಲ್ಲ. ಆದರೆ ಜೋರು ಬೇಕಾದವರು ಕಾಲಡಿಯ ಪೆಡಲ್ ತುಳಿದರೆ ಜೋರು ಸಿಗುತ್ತದೆ. ಪಿಕಪ್‌ನಲ್ಲೇ ಕಳೆದುಹೋದ ಮೇಲಿನ ಸ್ವರಗಳನ್ನು ಯಾವ ಪೆಡಲ್ ವಾಪಸು ತರುತ್ತದೆ?

ತಾಮ್ರದೆಳೆ (ಹುಬ್ಬಳ್ಳಿ), ಭಾನುವಾರ ರಾತ್ರಿ 8.15

ತಮ್ಮಾ, ಹಲಗೆಯ ಫೋಟೊ ನೋಡಿದೆ, ಕೆಲಸ ಚೊಕ್ಕಟವಾಗಿದೆ.

ಮೂವತ್ತೈದು ವರ್ಷ ಮೋಟಾರು, ಫ್ಯಾನು, ಪಂಪ್‌ಸೆಟ್ಟು ಸುತ್ತಿದ ಕೈ ನನ್ನದು. ಈಗ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ನಾನು ಹಿಂದಿನ ಕೋಣೆಯಲ್ಲಿ ಗಿಟಾರಿನ ಪಿಕಪ್ ಸುತ್ತುತ್ತೇನೆ. ಮೊಮ್ಮಗನ ಗಿಟಾರಿನಿಂದ ಅಂಟಿದ ರೋಗ ಇದು.

ಮೊದಲ ಪಿಕಪ್ ಸುತ್ತಿದಾಗ ಆದ ಫಜೀತಿ ಹೇಳುತ್ತೇನೆ, ನೀವು ಯಾರಾದರೂ ಸುತ್ತಲು ಕೂತರೆ ಉಪಯೋಗಕ್ಕೆ ಬಂದೀತು. ಎಲ್ಲೆಡೆ 42 ಗೇಜ್ ಎಂದು ಬರೆದಿತ್ತು. ಅಂಗಡಿಯಲ್ಲೇ 42ರ ಉಂಡೆ ಇತ್ತು. ಸ್ಟ್ರಾಟ್ ಪಿಕಪ್ಪಿನಲ್ಲಿ ಎಳೆ ಸುತ್ತುವ ಚೌಕಟ್ಟಾದ ಬಾಬಿನ್‌ಗೆ 8000 ಸುತ್ತು ಎಂದು ಹಟ ಹಿಡಿದು ಕೂತೆ. ಮೂರು ಸಾವಿರಕ್ಕೇ ಬಾಬಿನ್ ತುಂಬಿ ಹೊರಗೆ ಚೆಲ್ಲಿತು. ಅಳೆದರೆ ಒಂದು ಕಿಲೋ ಓಮ್ ಕೂಡ ಇಲ್ಲ. ಅವರು ಹೇಳಿದ್ದು ಅಮೆರಿಕದ ಗೇಜ್, ಎಳೆಯ ದಪ್ಪ 0.063 ಮಿಲಿಮೀಟರ್. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಇರುವುದು ಬ್ರಿಟಿಷ್ ಗೇಜ್, ಅದರಲ್ಲಿ 42 ಎಂದರೆ 0.1 ಮಿಲಿಮೀಟರ್. ಅಮೆರಿಕದ 42ಕ್ಕೆ ನಮ್ಮ 46 ಹತ್ತಿರ, 0.061 ಬರುತ್ತದೆ. ಇಷ್ಟು ವರ್ಷ ಸುತ್ತಿದವನು ಗೇಜ್ ಪಟ್ಟಿ ತೆಗೆದು ನೋಡಲಿಲ್ಲ, ನಾಚಿಕೆಗೇಡು.

ಈಗ ನಿನ್ನ ವಿಷಯ. ಆ 15.6ರದನ್ನು ಎಸೆಯಬೇಡ. ಬಾಬಿನ್ ಗಟ್ಟಿ ಇದ್ದರೆ ಬಿಚ್ಚಿ, 46ರಲ್ಲಿ ಒಂದೊಂದು ಸುರುಳಿಗೆ 5000 ಸುತ್ತಿದರೆ ಎರಡೂ ಸೇರಿ ಎಂಟರ ಆಸುಪಾಸಿನಲ್ಲಿ ನಿಲ್ಲುತ್ತದೆ. ತಳದ ಸೆರಾಮಿಕ್ ತೆಗೆದು ಆಲ್ನಿಕೊ 5 ಎಂಬ ಬಗೆಯ ಅಯಸ್ಕಾಂತದ ಪಟ್ಟಿ ಹಾಕಬೇಕು. ಆದರೆ ತಿರುಪಿನ ಹರವು ಬಾಬಿನ್‌ನದೇ, ಅದನ್ನು ನಾನು ಬದಲಿಸಲಾರೆ. ನೆಕ್ ಬಳಿ ತಂತಿಗಳು ಹತ್ತಿರ ಸರಿದಿರುತ್ತವೆ, ಅಲ್ಲಿಗೆ 49.5 ಸರಿಹೊಂದುತ್ತದೆ. ಬ್ರಿಡ್ಜ್‌ಗೆ ಹೊಸದೊಂದು ಕೊಂಡು ಇದನ್ನು ನೆಕ್‌ಗೆ ಸರಿಸಬಹುದು.

ಹಲಸಿನಹಲಗೆ, ಭಾನುವಾರ ರಾತ್ರಿ 9.00

ಕಾಕಾ, ನಿಮ್ಮ ಬರಹ ಓದಿ ಅಪ್ಪನಿಗೂ ತೋರಿಸಿದೆ. ನಮ್ಮ ತೋಟದ ಪಂಪಿನ ಮೋಟಾರು ಹುಬ್ಬಳ್ಳಿಯಲ್ಲೇ ಸುತ್ತಿಸಿದ್ದೆವು ಎಂದರು.

ಸೊಳ್ಳೆಯ ದನಿಯ ಒಗಟು ಮಾತ್ರ ಇನ್ನೂ ಬಿಡಿಸಿಲ್ಲ. ಬೇರೆ ಬೇರೆ ಹಾಕಿದರೆ ಎರಡೂ ಕೇಳಿಸುತ್ತವೆ, ಒಟ್ಟಿಗೆ ಹಾಕಿದರೆ ಹೊಟ್ಟೆಯೇ ಇಲ್ಲ.

ಐವತ್ತುಹರ್ಟ್ಸ್, ಭಾನುವಾರ ರಾತ್ರಿ 9.25

ಎರಡೂ ಒಂದಕ್ಕೊಂದು ತಿರುಗುಮುರುಗಾಗಿವೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಕೆಳಗಿನ ಸ್ವರಗಳು ಪರಸ್ಪರ ಅಳಿಸಿಹೋಗಿ ಮೇಲಿನ ಚೂರುಪಾರು ಉಳಿಯುತ್ತದೆ.

ಖಚಿತಪಡಿಸಿಕೊಳ್ಳಿ. ಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ಇಟ್ಟು ಪಿಕಪ್‌ನ ಎರಡು ವೈರ್‌ಗಳಿಗೆ ಜೋಡಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಅನ್ನು ತಿರುಪಿನ ಮೇಲೆ ಇಟ್ಟು ಥಟ್ಟನೆ ಮೇಲಕ್ಕೆತ್ತಿ. ಅಂಕಿ ಒಂದು ಕ್ಷಣ ಅಧಿಕ ಇಲ್ಲವೇ ಋಣ ಕಡೆಗೆ ಹಾರುತ್ತದೆ. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇನ್ನೂ ಚೆನ್ನ, ಮುಳ್ಳು ಯಾವ ಕಡೆ ಒದ್ದಿತು ಎಂದು ಕಣ್ಣಿಗೆ ಕಾಣುತ್ತದೆ. ಇನ್ನೊಂದಕ್ಕೂ ಹಾಗೇ ಮಾಡಿ. ದಿಕ್ಕು ಬೇರೆಯಾಗಿದ್ದರೆ ಒಂದರ ಎರಡು ವೈರ್‌ಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಆದರೆ ಆ ಪಿಕಪ್‌ಗೆ ಲೋಹದ ಮುಚ್ಚಳವಿದ್ದು ಅದು ಒಂದು ವೈರ್‌ಗೇ ಬೆಸೆದಿದ್ದರೆ ನಿಲ್ಲಿಸಿ. ಹಾಗೇ ಅದಲುಬದಲು ಮಾಡಿದರೆ ಮುಚ್ಚಳ ಮುಟ್ಟಿದಾಗಲೆಲ್ಲ ಗುಂಯ್ ಎನ್ನುತ್ತದೆ. ಮುಚ್ಚಳದ ಅರ್ಥ್ ಬೇರೆ ಮಾಡಬೇಕು, ಇಲ್ಲವೇ ಒಳಗಿನ ಅಯಸ್ಕಾಂತವನ್ನು ಮಗುಚಬೇಕು.

ಮುಂದೆ ಕೊಳ್ಳುವಾಗ ನಾಲ್ಕು ವೈರ್ ಮತ್ತು ಪ್ರತ್ಯೇಕ ಅರ್ಥ್ ಇರುವುದನ್ನೇ ಕೊಳ್ಳಿ. ವೈರ್‌ಗಳ ಬಣ್ಣ ಒಬ್ಬೊಬ್ಬ ತಯಾರಕರದು ಒಂದೊಂದು ತರಹ, ಒಬ್ಬರ ಪಟ್ಟಿ ಹಿಡಿದು ಇನ್ನೊಬ್ಬರದನ್ನು ಬೆಸೆಯಬೇಡಿ.

ಸಾಗರದಾಚೆ (ಸ್ಯಾನ್ ಹೋಸೆ), ಸೋಮವಾರ ಬೆಳಿಗ್ಗೆ 7.10

ಎಂಟು ಕಿಲೋ ಓಮ್ ಎಂಬ ಮಾತು ಬಂದದ್ದರಿಂದ ಒಂದು ಹಳೆಯ ಕಥೆ. ಗಿಬ್ಸನ್ ಗಿಟಾರ್ ಕಂಪನಿಯಲ್ಲಿ ಸೇತ್ ಲವರ್ ಹಂಬಕರ್ ರೂಪಿಸಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ನಡುವಿನ ಕಾಲದಲ್ಲಿ ತಳಕ್ಕೆ "ಪೇಟೆಂಟ್‌ಗೆ ಅರ್ಜಿ ಹಾಕಲಾಗಿದೆ" ಎಂಬ ಚೀಟಿ ಅಂಟಿಸಿದರು. ಇಂದು ಆ ಚೀಟಿಯ ಪಿಕಪ್‌ಗಳಿಗೆ ಬಂಗಾರದ ಬೆಲೆ. ಒಂದೊಂದು ಸುರುಳಿಗೆ 5000 ಸುತ್ತು ಎಂದು ಲೆಕ್ಕ, ಆದರೆ ಕೈಗೆ ಸಿಗುವವು ಏಳರಿಂದ ಒಂಬತ್ತು ಕಿಲೋ ಓಮ್ ತನಕ ಚೆದುರಿವೆ. ಜನ ಪೂಜಿಸುವ ಆ ದನಿ ನಿಖರತೆಯಿಂದ ಬಂದದ್ದಲ್ಲ.

ಪೇಟೆಂಟ್ ಸಿಕ್ಕ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದ ಸಂಖ್ಯೆ ಪಿಕಪ್‌ನದಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಅವರ ತಂತಿ ಕಟ್ಟುವ ಬಾಲದ ತುಂಡಿನದು! ಕಣ್ತಪ್ಪೋ, ನಕಲು ಮಾಡುವವರನ್ನು ದಾರಿತಪ್ಪಿಸುವ ಜಾಣತನವೋ, ಇಲ್ಲಿಯ ಗಿಟಾರ್ ಮಂದಿ ಇಂದಿಗೂ ಜಗಳವಾಡುತ್ತಾರೆ.

ಹಲಸಿನಹಲಗೆ, ಮುಂದಿನ ಶನಿವಾರ ರಾತ್ರಿ 10.05

ವಾರದ ವರದಿ.

500ರ ಎರಡು ಪಾಟ್ ಹಾಕಿದೆ, ಒಟ್ಟು ಖರ್ಚು ಮುನ್ನೂರು ರೂಪಾಯಿ ಒಳಗೆ. ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ಒಂದು ಅಧಿಕ, ಇನ್ನೊಂದು ಋಣ. ನೆಕ್ ಪಿಕಪ್‌ಗೆ ಮುಚ್ಚಳವಿಲ್ಲ, ಅರ್ಥ್ ಬೇರೆ ಇತ್ತು, ವೈರ್‌ಗಳನ್ನು ಅದಲುಬದಲು ಮಾಡಿದೆ. ಸೊಳ್ಳೆ ಹೋಯಿತು. ಎರಡೂ ಒಟ್ಟಿಗೆ ಇರುವ ದನಿಯೇ ಈಗ ಗಿಟಾರಿನ ಅತಿ ಒಳ್ಳೆಯ ದನಿ. ಅದನ್ನು ಬಿಟ್ಟು ಬೇರೆ ಸ್ಥಾನಕ್ಕೆ ಸ್ವಿಚ್ ಹಾಕಲು ಮನಸ್ಸೇ ಬರುತ್ತಿಲ್ಲ.

ಎತ್ತರವನ್ನೂ ಹೊಂದಿಸಿದೆ. ಇಷ್ಟು ದಿನ ಹತ್ತಿರವಿದ್ದಷ್ಟೂ ಒಳ್ಳೆಯದು ಎಂದುಕೊಂಡು ಎರಡನ್ನೂ ತಂತಿಗೆ ತಾಗುವಷ್ಟು ಏರಿಸಿದ್ದೆ. ಕೊನೆಯ ಫ್ರೆಟ್‌ನಲ್ಲಿ (ಮೆಟ್ಟಿಲಿನಲ್ಲಿ) ತಂತಿ ಒತ್ತಿ ಹಿಡಿದು, ಬ್ರಿಡ್ಜ್ ಪಿಕಪ್‌ಗೆ 2 ಮಿಲಿಮೀಟರ್, ನೆಕ್‌ಗೆ 2.5 ಬಿಟ್ಟೆ. ದಪ್ಪ ತಂತಿಗಳ ಗುಡುಗು ಇಳಿದು ಅಕ್ಷರ ಸ್ಪಷ್ಟವಾಯಿತು.

ಬ್ರಿಡ್ಜ್ ಇನ್ನೂ ಸ್ವಲ್ಪ ಮಂಕು, ಮೊದಲನೆಯ ತಂತಿಯ ರೋಗ ಹಾಗೇ ಇದೆ. ಆದ್ದರಿಂದ ಒಂದನ್ನೇ ಕೊಳ್ಳುವುದೆಂದು ತೀರ್ಮಾನಿಸಿದೆ. 53 ಮಿಲಿಮೀಟರ್ ಹರವು, ಆಲ್ನಿಕೊ 5, ಎಂಟೂವರೆ ಕಿಲೋ ಓಮ್, ನಾಲ್ಕು ವೈರ್. ಕಡಲಕರೆ ಅಣ್ಣ ಬೇಸರಿಸಬಾರದು.

ಕಡಲಕರೆ, ಶನಿವಾರ ರಾತ್ರಿ 10.20

ಬೇಸರ ಎಂಥದ್ದು? ಮುನ್ನೂರು ರೂಪಾಯಿಗೆ ಮುಕ್ಕಾಲು ಕೆಲಸ ಮುಗಿಸಿದಿರಿ ಮಾರಾಯರೇ. ನನ್ನ ಗಿಟಾರನ್ನೂ ಬಿಚ್ಚಿ ಪಾಟ್ ನೋಡಿದೆ. 250. ಹತ್ತು ವರ್ಷ! ಇದನ್ನು ಯಾರಿಗೂ ಹೇಳಬೇಡಿ.

ಹಲಸಿನಹಲಗೆ, ಹದಿನೈದು ದಿನಗಳ ನಂತರ, ಭಾನುವಾರ ಮಧ್ಯಾಹ್ನ 3.30

ಹೊಸದು ಬಂತು. ಬಂದ ಕೂಡಲೇ ಸಿಕ್ಕಿಹಾಕಿಕೊಂಡೆ. ಅಗ್ಗದ ಪಿಕಪ್‌ನ ಕಾಲು ಗಿಡ್ಡ, ಇದರ ಕಾಲು ಉದ್ದ, ಗುಳಿಯ ತಳಕ್ಕೆ ತಾಗಿ ಮೇಲೆಯೇ ನಿಂತಿತು. ಕಾಲುಗಳ ಕೆಳಗೆ ಮಾತ್ರ ಐದು ಮಿಲಿಮೀಟರ್ ಉಳಿಯಿಂದ ಕೊರೆದೆ. ಒಣಗಿದ ಹಲಸು ಉಳಿಯ ಬಾಯಿಯನ್ನು ಎರಡು ಸಲ ಮೊಂಡು ಮಾಡಿತು. ಹೊಸದಾಗಿ ಮಾಡುವವರಿಗೆ ಒಂದು ಮಾತು, ಪಿಕಪ್ ಕೈಗೆ ಬರುವ ಮೊದಲು ಗುಳಿ ತೋಡಬೇಡಿ.

ಮೊದಲನೆಯ ತಂತಿ ಈಗ ಒಂದೂವರೆ ಸ್ವರ ಎಳೆದರೂ ಕೊನೆಯವರೆಗೆ ಹಾಡುತ್ತದೆ. ಗಮಕಪ್ರಿಯೆ ಅವರೇ, ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದರೆ ಪಿಸುಮಾತೂ ಬರುತ್ತದೆ, ನೀವು ಹೇಳಿದ್ದು ಈಗ ಅರ್ಥವಾಯಿತು.

ಕಾಕಾ, ಹಳೆಯ ಬ್ರಿಡ್ಜ್ ಪಿಕಪ್ ಅನ್ನು ನಾಳೆ ಹುಬ್ಬಳ್ಳಿ ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸುತ್ತೇನೆ. ಬೇರೆ ಏನಾದರೂ ಬೇಕೆ?

ತಾಮ್ರದೆಳೆ, ಭಾನುವಾರ ಸಂಜೆ 6.00

ಜೇನುಮೇಣ ಬೇಕು. ನಿಮ್ಮ ಕಡೆ ಅಪ್ಪಟ ಸಿಗುತ್ತದೆ, ಇಲ್ಲಿ ಸಿಗುವುದರಲ್ಲಿ ಬೆರಕೆ. ಸುತ್ತಿದ ಮೇಲೆ ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಸೇರಿಸಿ, 65 ಡಿಗ್ರಿಯ ಆಸುಪಾಸಿನಲ್ಲಿ ಪಿಕಪ್ ಮುಳುಗಿಸಿಡುತ್ತೇನೆ. ಒಳಗಿನ ಗಾಳಿ ಗುಳುಗುಳು ಹೊರಗೆ ಬಂದು ಮೇಣ ಒಳಗೆ ಹೋಗುತ್ತದೆ. ಎಳೆಗಳು ಅಲುಗಾಡದಿದ್ದರೆ ಆಂಪ್ ಜೋರು ಮಾಡಿದಾಗ ಕಿರುಚುವುದಿಲ್ಲ. ಯಾರಾದರೂ ಮನೆಯಲ್ಲಿ ಮಾಡುವುದಾದರೆ ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ, ನೇರ ಉರಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಬಿಸಿ ಹೆಚ್ಚಾದರೆ ಬಾಬಿನ್ ಕೂಡ ಸೊಟ್ಟಗಾಗುತ್ತದೆ.

ತಾಮ್ರದೆಳೆ, ಗುರುವಾರ ರಾತ್ರಿ 9.30

ಪಾರ್ಸಲ್ ಬಂತು, ಇವತ್ತು ಬಿಚ್ಚಿದೆ. ಎಳೆಯನ್ನು ಮೈಕ್ರೊಮೀಟರ್‌ನಲ್ಲಿ ಅಳೆದೆ, 0.05 ಮಿಲಿಮೀಟರ್, ಕೂದಲಿಗಿಂತ ಸಣ್ಣ. ಆ 15.6 ಬಂದದ್ದು ಬಹುಪಾಲು ಎಳೆಯ ಸಣ್ಣತನದಿಂದ. ಮೇಣವನ್ನೇ ತೋರಿಸಿಲ್ಲ, ಎಳೆಗಳು ಸಡಿಲವಾಗಿದ್ದವು. ಬಾಬಿನ್ ಮಾತ್ರ ಗಟ್ಟಿ ಇದೆ.

ನೆಕ್‌ಗೆ ಹಾಕುವುದಾದರೆ ಸ್ವಲ್ಪ ಕಡಿಮೆ ಸುತ್ತೋಣ, ಅಲ್ಲಿ ತಂತಿ ಹೆಚ್ಚು ಓಲಾಡುತ್ತದೆ, ಬ್ರಿಡ್ಜ್‌ನದನ್ನು ಮೀರಿಸಬಾರದು. ಒಂದು ಸುರುಳಿಗೆ 4800, ಇನ್ನೊಂದಕ್ಕೆ 4700 ಎಂದು ಯೋಚಿಸಿದ್ದೇನೆ. ಎರಡನ್ನೂ ಸಮ ಮಾಡಿದರೆ ಗುಂಯ್‌ಗುಡುವುದು ಇನ್ನಷ್ಟು ಕಡಿಮೆ, ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ಮೇಲಿನ ಸ್ವರಕ್ಕೆ ಒಂದು ಹೊಳಪು ಬರುತ್ತದೆ ಎಂದು ನನ್ನ ಕಿವಿ ಹೇಳುತ್ತದೆ. ನಿನ್ನ ಮನೆಯ ಅರ್ಥಿಂಗ್ ಹೇಗಿದೆ ಹೇಳು, ಅದರ ಮೇಲೆ ತೀರ್ಮಾನಿಸುತ್ತೇನೆ.

ಮೇಣದ ಜೊತೆ ಬಂದ ಜೇನುತುಪ್ಪದ ಬಾಟಲಿಯನ್ನು ಸೊಸೆ ಆಗಲೇ ಒಳಗೆ ಒಯ್ದಳು.

ಹಲಸಿನಹಲಗೆ, ಗುರುವಾರ ರಾತ್ರಿ 9.50

ಅರ್ಥಿಂಗ್ ಹಳೆಯದು ಕಾಕಾ, ಬಾವಿಯ ಪಕ್ಕದಲ್ಲಿದೆ, ಮಳೆಗಾಲದಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಸಮವಾಗಿಯೇ ಸುತ್ತಿ.